ಮೀನಿನ ಮರಿಗಳ ಮೇಡಂ

ಸಮುದ್ರ ಎಂದರೆ ಇಂದಿಗೂ ನನಗೆ ನೆನಪಾಗುವುದು ಚಿಕ್ಕೋಡಿಯ ಕಾಲೇಜು. ಅಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಮೇಡಂ, ಮೀನಿನ ಮರಿಗಳು ಹುಟ್ಟಿದಲ್ಲಿಂದ ಎಲ್ಲಿಗೆ ತೇಲಿ ಹೋಗುತ್ತವೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದರು. ಪರದೆಯ ಮೇಲೆ ಮರಿಗಳ ಬದಲು ಚಲಿಸುವ ಚುಕ್ಕೆಗಳ ಹಿಂದೆ ಕಿರುಬೆರಳು ಓಡಿಸುತ್ತ, "ತಾಯಿ ಒಂದ್ ಕಡಿ, ಮಕ್ಕಳು ಒಂದ್ ಕಡಿ ನೋಡ್ರಿ" ಎನ್ನುವರು.

ಒಂದು ಕೊಲ್ಲಿಯಲ್ಲಿ ಹುಟ್ಟುವ ಮರಿಗಳೇ ತೇಲಿ ಹೋಗಿ ದೂರದ ಇನ್ನೊಂದು ದಡದಲ್ಲಿ ಮೀನು ಹೆಚ್ಚಿಸುತ್ತವೆ ಎಂಬ ಅವರ ಮಾತು ನಂಬಿ ಕಾರವಾರದ ಕಡೆಯ ಮೀನುಗಾರರು ಆ ಕೊಲ್ಲಿಯಲ್ಲಿ, ಮೀನು ಮೊಟ್ಟೆಯಿಡುವ ಕಾಲಕ್ಕೆ, ಬಲೆ ಬೀಸುವುದನ್ನು ಬಿಟ್ಟರು. "ನನ್ನ ಲೆಕ್ಕ ತಪ್ಪಿದ್ರ ಅವರ ಮನ್ಯಾಗ ಒಲಿ ಹತ್ತೂದಿಲ್ಲ" ಎಂದು ಮೇಡಂ ಆ ವರ್ಷ ಸೊರಗಿಹೋದರು.

ಮರುವರ್ಷ ನಾವು ವಿದ್ಯಾರ್ಥಿಗಳು ಮೇಡಂ ಜೊತೆ ನಿಪ್ಪಾಣಿ ಬಸ್ಸಿಗೆ ಕಾಯುತ್ತಿದ್ದಾಗ ಅವರಿಗೆ ಮೀನುಗಾರರಿಂದ ಫೋನ್ ಬಂತು. ಅವರು ಹೇಳಿದ್ದ ದೂರದ ದಡದಲ್ಲೇ ಮರಿಗಳು ಕಾಣಿಸಿಕೊಂಡಿದ್ದವು.

"ಬಂದಾವಂತ" ಎಂದಷ್ಟೇ ಹೇಳಿ ಮೇಡಂ ಕಟ್ಟೆಯ ಮೇಲೆ ಕುಳಿತು ಕಣ್ಣೊರೆಸಿಕೊಂಡರು. ಬಸ್ಸು ಬಂದು ಹೋಯಿತು. ನಾವ್ಯಾರೂ ಅವರನ್ನು ಎಬ್ಬಿಸಲಿಲ್ಲ.