ವಿಂಚ್ ಶಿವರಾಮು ಹಾಕಿದ ಬೋಲ್ಟು

ಶಿವರಾಮುವಿಗೆ ಕೋಪ ಬಂದರೆ ಮೊದಲು ಕೈ ಮಾತಾಡುತ್ತಿತ್ತು, ಬಾಯಿ ಆಮೇಲೆ. ನಮ್ಮ ಗ್ಲೈಡಿಂಗ್ ಕ್ಲಬ್ಬಿಗೆ ಸೇರಿದ ಮೊದಲ ವಾರವೇ, ಕೇಬಲ್ ಹಾದಿಗೆ ಎಮ್ಮೆ ಹೊಡೆದುಕೊಂಡು ಬಂದವನೊಬ್ಬನ ಎರಡು ಹಲ್ಲು ಉದುರಿಸಿದ. ಆದರೂ ಯಾರೂ ಅವನನ್ನು ಕೆಲಸದಿಂದ ತೆಗೆಯಲಿಲ್ಲ. ವಿಂಚ್ ಓಡಿಸಲು ಅಂಥವನು ಚಾಮರಾಜನಗರದಿಂದ ಗುಂಡ್ಲುಪೇಟೆಯವರೆಗೆ ಜಾಲಾಡಿದರೂ ಸಿಗುತ್ತಿರಲಿಲ್ಲ.

ಗ್ಲೈಡರ್ ಎಂಬ ಪುಟ್ಟ ವಿಮಾನಕ್ಕೆ ಎಂಜಿನ್ ಇಲ್ಲ. ಕುದೇರು ಊರಿನ ಆಚೆ ನಮ್ಮ ಬಯಲಿನ ಒಂದು ತುದಿಯಲ್ಲಿ ಅದು ನಿಂತಿರುತ್ತದೆ. ಒಂದು ಕಿಲೋಮೀಟರ್ ಆಚೆ, ಇನ್ನೊಂದು ತುದಿಯಲ್ಲಿ, ಹಳೇ ಲಾರಿ ಎಂಜಿನ್ ಕೂರಿಸಿದ ವಿಂಚ್. ವಿಂಚು ಉಕ್ಕಿನ ಕೇಬಲ್ಲನ್ನು ಭರಭರನೆ ಸುತ್ತಿಕೊಂಡ ಹಾಗೆ ಗ್ಲೈಡರ್ ಗಾಳಿಪಟದಂತೆ ಏರುತ್ತದೆ. ಸಾವಿರ ಅಡಿ ಮೇಲೆ ಪೈಲಟ್ ಕೊಕ್ಕೆ ಬಿಡಿಸಿಕೊಂಡು ತನ್ನ ಪಾಡಿಗೆ ಹಾರಿ ಹೋಗುತ್ತಾನೆ. ಕೇಬಲ್ಲಿಗೂ ಗ್ಲೈಡರಿಗೂ ನಡುವೆ ಬೆರಳುದ್ದದ ಒಂದು ಲೋಹದ ಕೊಂಡಿ ಇರುತ್ತದೆ. ಎಳೆತ ಮಿತಿ ಮೀರಿದರೆ ರೆಕ್ಕೆ ಮುರಿಯುವುದಕ್ಕೆ ಮುಂಚೆ ಆ ಕೊಂಡಿ ಮುರಿಯಬೇಕು. ಮುರಿಯುವುದೇ ಅದರ ಕೆಲಸ.

ಇದೊಂದು ಮಾತ್ರ ಶಿವರಾಮುವಿನ ತಲೆಗೆ ಹತ್ತಲಿಲ್ಲ. ಹದಿನೈದು ವರ್ಷ ಗುಂಡ್ಲುಪೇಟೆಯಿಂದ ಕೇರಳಕ್ಕೆ ಈರುಳ್ಳಿ ಲಾರಿ ಓಡಿಸಿದವನು. ಒಂದು ಸಲ ಘಾಟಿಯ ತಿರುವಿನಲ್ಲಿ ಹಗ್ಗ ಕಿತ್ತು ಮೂಟೆಗಳೆಲ್ಲ ಅವನ ಅಣ್ಣ ರಂಗರಾಜುವಿನ ಮೇಲೆ ಬಿದ್ದವು. ಅಣ್ಣ ಅಲ್ಲೇ ಸತ್ತ. ಆ ಹಗ್ಗ ಕಟ್ಟಿದ್ದವನನ್ನು ಶಿವರಾಮು ಜಾಕಿ ರಾಡಿನಲ್ಲಿ ಚಚ್ಚಿ ಎರಡು ವರ್ಷ ಜೈಲಿನಲ್ಲಿದ್ದು ಬಂದ. ಕಿತ್ತುಹೋಗುವ ವಸ್ತುವನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಭಾನುವಾರ ಕ್ಲಬ್ಬಿನಲ್ಲಿ ಹಾರಾಟದ ರಿಜಿಸ್ಟರ್ ಬರೆಯುತ್ತಿದ್ದೆ. "ಮನೇಲಿ ಫ್ಯೂಸ್ ಇರುತ್ತಲ್ಲ, ಹಾಗೆ ಕಣಯ್ಯ ಇದು" ಎಂದು ಒಮ್ಮೆ ಬಿಡಿಸಿ ಹೇಳಿದೆ.

"ನಮ್ಮನೇಲಿ ಫ್ಯೂಸ್ ಜಾಗ್ಕೆ ದಪ್ಪ ತಂತಿ ಸುತ್ತಿವ್ನಿ ಸಾ. ಆರು ವರ್ಸಾಯ್ತು, ಒಂದ್ ಸಲ್ವೂ ಓಗಿಲ್ಲ."

ಇಂಥವನಿಗೆ ಯಾವ ಪಾಠ ಹೇಳುವುದು? ನಗಾಡಿಕೊಂಡು ರಿಜಿಸ್ಟರ್ ತೆರೆದೆ. ನನ್ನ ಮನೆಯಲ್ಲೂ ದಪ್ಪ ತಂತಿಯೇ ಇತ್ತು.

ಆಷಾಢದ ಗಾಳಿ ಶುರುವಾಯಿತು. ಬಯಲಿನ ಜಮೀನು ಅರಿಶಿನ ವ್ಯಾಪಾರಿ ನೀಲಕಂಠಸ್ವಾಮಿಯವರದು. ಅವರ ಮಗ ಸೋಮೇಶ್ ಹಾರಾಟ ಕಲಿಯುತ್ತಿದ್ದ. ಒಂದು ಭಾನುವಾರ ಅವನು ಮುನ್ನೂರು ಅಡಿ ಏರಿದ್ದಾಗ ಕೊಂಡಿ ಪಟ್ಟನೆ ಮುರಿಯಿತು. ಗ್ಲೈಡರ್ ಪಕ್ಕದ ಹೊಲಕ್ಕೆ ಧಡಾರನೆ ಇಳಿಯಿತು. ಸೋಮೇಶ್ ಬೆವರು ಒರೆಸಿಕೊಳ್ಳುತ್ತ ನೇರ ವಿಂಚಿನ ಹತ್ತಿರ ಬಂದವನೇ ಎಲ್ಲರೆದುರಿಗೆ ಶಿವರಾಮುವಿನ ಕೆನ್ನೆಗೆ ಬಾರಿಸಿದ.

"ಗುಜರಿ ಹಗ್ಗ ಕಟ್ಟಿ ಸಾಯಿಸ್ತೀಯೇನೋ?"

ಶಿವರಾಮು ಅವನ ಕತ್ತು ಹಿಡಿದ. ನಾಲ್ಕು ಜನ ಸೇರಿ ಬಿಡಿಸುವಷ್ಟರಲ್ಲಿ ಸೋಮೇಶನ ಕಣ್ಣು ಮೇಲಾಗಿತ್ತು. ಕೊಂಡಿ ಮುರಿದದ್ದರಿಂದಲೇ ಅವನು ಉಳಿದ ಎಂದು ನಮ್ಮ ತರಬೇತುದಾರ ಶಿವಸ್ವಾಮಿ ಗಂಟಲು ಹರಿಯುವ ಹಾಗೆ ಕೂಗಿದರು. ಇಬ್ಬರಿಗೂ ಕೇಳಿಸಲಿಲ್ಲ. ಜಮೀನು ಅಪ್ಪನದಲ್ಲವೇ, ಸೋಮೇಶನಿಗೆ ಯಾರೂ ಏನೂ ಅನ್ನಲಿಲ್ಲ. ಶಿವರಾಮು ಮಾತ್ರ ತಪ್ಪಾಯ್ತು ಅನ್ನಬೇಕಾಯಿತು.

ಮುಂದಿನ ಭಾನುವಾರ ಬೆಳಿಗ್ಗೆ ಶಿವರಾಮು ಕೇಬಲ್ಲಿನ ತುದಿ ತಂದು ನನ್ನ ಮುಂದೆ ಹಿಡಿದ. ಕೊಂಡಿಯ ಜಾಗದಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟೆ ಬಿಗಿಯುವ ದಪ್ಪ ಬೋಲ್ಟು.

"ಇನ್ ಅದೆಂಗ್ ಕಿತ್ತೋದದು ನೋಡನ ಸಾ. ಯಾವನೂ ನನ್ ಕೆನ್ನೆ ಮುಟ್ಬಾರ್ದು."

ಅದೆಷ್ಟು ಅಪಾಯವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಚಹಾ ಕುಡಿದು ಶಿವಸ್ವಾಮಿಯವರಿಗೆ ಹೇಳಿದರಾಯಿತು ಅಂದುಕೊಂಡೆ. ಚಹಾ ಕುಡಿದೆ. ಹೇಳಲಿಲ್ಲ. ಒಂದು ದಿನವಾದರೂ ಇವನ ಮಾನ ಉಳಿಯಲಿ ಅನ್ನಿಸಿತು, ಅಷ್ಟೇ.

ಸೋಮೇಶನ ಸರದಿ ಬಂದಾಗ ಗ್ಲೈಡರ್ ಏರುತ್ತಲೇ ಗಾಳಿ ಬೀಸಿ ಬಡಿಯಿತು. ರೆಕ್ಕೆಗಳು ಬಿಲ್ಲಿನಂತೆ ಬಾಗಿದವು. ಬೋಲ್ಟು ಜಗ್ಗಲಿಲ್ಲ. ಆ ಎಳೆತಕ್ಕೆ ಗ್ಲೈಡರಿನ ಕೊಕ್ಕೆಯೇ ಸೊಟ್ಟಗಾಗಿ ಕಚ್ಚಿಕೊಂಡಿತು. ಸೋಮೇಶ್ ಬಿಡಿಸುವ ಹಿಡಿಯನ್ನು ಎಳೆದೆಳೆದು ಸೋತ. ಗ್ಲೈಡರ್ ವಿಂಚಿನ ನೆತ್ತಿಯ ಮೇಲೆ ಬಂದು, ಕಟ್ಟಿಹಾಕಿದ ಹೋರಿಯ ಹಾಗೆ ಒದ್ದಾಡುತ್ತ ಮೂಗು ಕೆಳಗೆ ಮಾಡಿತು. ಇನ್ನು ಅರೆ ನಿಮಿಷ, ನೆಲಕ್ಕೆ ಅಪ್ಪಳಿಸುವುದೇ.

ಇಂಥ ಹೊತ್ತಿಗೆಂದೇ ವಿಂಚಿಗೆ ಕೂರಿಸಿದ್ದ, ಕೇಬಲ್ ಕತ್ತರಿಸುವ ಅಲಗು ತುಕ್ಕು ಹಿಡಿದು ಬೀಳುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೊಡಲಿ ಇತ್ತು. ಬಿಗಿದ ಕೇಬಲ್ಲಿಗೆ ಕೊಡಲಿ ಹಾಕಿದರೆ ಅದು ತಿರುಗಿ ಬಡಿಯುತ್ತದೆಂದು ಶಿವರಾಮುವಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಅವನು ವಿಂಚ್ ಓಡಿಸುವವನ ರಕ್ಷಣೆಗಿದ್ದ ಜಾಲರಿಯ ಗೂಡಿನಿಂದ ಹೊರಗೆ ಹಾರಿ ಒಂದೇಟು ಹಾಕಿದ. ಎರಡನೇ ಏಟು. ಮೂರನೆಯದಕ್ಕೆ ಕೇಬಲ್ ಕಿರುಚಿಕೊಂಡು ಕಿತ್ತಿತು, ಅವನ ಎಡಗೈಯ ಮೂರು ಬೆರಳನ್ನೂ ಬಲಗಣ್ಣನ್ನೂ ಕಿತ್ತುಕೊಂಡು ಹೋಯಿತು. ನಾನು ಓಡಿಹೋದಾಗ ಅವನು ಮೊಣಕಾಲೂರಿ ಕೂತು ಆಕಾಶ ನೋಡುತ್ತಿದ್ದ. ಮುಖದ ತುಂಬ ರಕ್ತ.

"ಇಳುದ್ನಾ ಸಾ?"

ಇಳಿದಿದ್ದ, ಗ್ಲೈಡರಿನ ಬಾಲ ಮುರಿದುಕೊಂಡು. ಸೋಮೇಶನಿಗೆ ಒಂದು ಗೀರೂ ಆಗಿರಲಿಲ್ಲ. ಆದರೆ ಕೇಬಲ್ಲಿನ ತುದಿಯ ಬೋಲ್ಟು ಎಲ್ಲರ ಕಣ್ಣಿಗೂ ಬಿತ್ತು.

ಮಾರನೆಯ ದಿನ ಆಸ್ಪತ್ರೆಗೆ ಸಬ್ ಇನ್ಸ್‌ಪೆಕ್ಟರ್ ಬಂದರು. ಹಿಂದೆ ನೀಲಕಂಠಸ್ವಾಮಿ, ಸೋಮೇಶ್, ಕ್ಲಬ್ಬಿನವರು. "ಬೇಕಂತ್ಲೇ ಕದ್ದುಮುಚ್ಚಿ ಹಾಕವ್ನೆ ಸರ್. ನಾನ್ ಹೊಡ್ದಿದ್ಕೆ ಕೊಲ್ಲಕ್ ನೋಡ್ದ" ಎಂದ ಸೋಮೇಶ್. ಕೊಲೆ ಯತ್ನದ ಕೇಸು, ಮೇಲೆ ಹಳೆಯ ಜೈಲಿನ ದಾಖಲೆ. ಶಿವರಾಮು ಇನ್ನು ಜೈಲಿನಿಂದ ಹೊರಗೆ ಬರುವ ಹಾಗಿರಲಿಲ್ಲ.

"ಬೋಲ್ಟ್ ಹಾಕಿದ್ದು ಇನ್ಯಾರಿಗೆ ಗೊತ್ತಿತ್ತು?" ಇನ್ಸ್‌ಪೆಕ್ಟರ್ ಕೇಳಿದರು.

ಶಿವರಾಮು ಉಳಿದ ಒಂದು ಕಣ್ಣಿನಿಂದ ನನ್ನನ್ನು ನೋಡಿದ. "ಯಾರ್ಗೂ ಗೊತ್ತಿರ್ನಿಲ್ಲ ಸಾ. ನಾನೊಬ್ನೇ ಮಾಡ್ಬುಟ್ಟೆ."

ಸರ್ಕಾರಿ ನೌಕರಿ, ಮದುವೆಗೆ ಬಂದ ಮಗಳು. ಆ ಕ್ಷಣ ಅವನ ಸುಳ್ಳಿನ ಹಿಂದೆ ಅಡಗಿಕೊಳ್ಳುವ ಆಸೆಯಾಯಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಬಹಳ ಆಸೆಯಾಯಿತು.

"ಸುಳ್ಳು ಸರ್" ಎಂದೆ. "ಬೆಳಿಗ್ಗೆಯೇ ನನಗೆ ತೋರಿಸಿದ. ಕೊಲ್ಲೋನು ಯಾರಾದ್ರೂ ತೋರಿಸ್ತಾನಾ? ಅದು ಅಪಾಯ ಅಂತ ಅವನಿಗೆ ತಿಳೀದು. ನನಗೆ ತಿಳಿದಿತ್ತು. ತಿಳಿದೂ ಸುಮ್ಮನಿದ್ದೆ. ಬರ್ಕೊಳ್ಳಿ."

ಸೋಮೇಶ್ ನನ್ನ ಮೇಲೆ ಬಿದ್ದ. ಅವನಪ್ಪ ಹಿಡಿದುಕೊಂಡರು. ಆದರೆ ಮೊದಲು ನನ್ನನ್ನು ಹೊಡೆದವನು ಅವನಲ್ಲ. ಬಲಗೈಯಲ್ಲಿ ಸ್ಟೀಲ್ ಲೋಟ ಎತ್ತಿ ಶಿವರಾಮು ಬೀಸಿ ಒಗೆದಿದ್ದ. ನನ್ನ ಹಣೆ ಒಡೆದು ರಕ್ತ ಬಂತು.

"ಮಗ್ಳು ಮನೇಲವ್ಳೆ, ಬಾಯ್ ಮುಚ್ಕೊಂಡಿರಕಾಗ್ನಿಲ್ವಾ ನಿಂಗೆ?" ಎಂದು ಕಿರುಚಿ, ಒಂದೇ ಕಣ್ಣಿನಲ್ಲಿ ಗೊಳೋ ಎಂದು ಅತ್ತುಬಿಟ್ಟ.