‘ಉತ್ತರಿಸಿಲ್ಲ’ ಎಂದು ಹಾಕಿಸಿದವನು ನಾನು

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ಬೇರೆ ಏನನ್ನಾದರೂ ಬರೆದು ಕಳಿಸಿದ್ದೇನೆ. ಬೀದಿನಾಯಿಗಳ ಬಗ್ಗೆ ಬರೆದದ್ದು, ಮೆಟ್ರೋದಲ್ಲಿ ಸೀಟು ಬಿಟ್ಟುಕೊಟ್ಟ ಹುಡುಗಿಯ ಬಗ್ಗೆ ಬರೆದದ್ದು, ಹಲಸಿನಹಣ್ಣಿನ ಬಗ್ಗೆ ಬರೆದದ್ದು (ಅದನ್ನು ನೀವು ಬಹಳ ಮೆಚ್ಚಿದಿರಿ) ಎಲ್ಲವೂ ಇದನ್ನು ತಪ್ಪಿಸಿಕೊಳ್ಳಲಿಕ್ಕೇ. ಈ ವಾರ ತಪ್ಪಿಸಿಕೊಳ್ಳಲು ವಿಷಯ ಸಿಗಲಿಲ್ಲ.

ಕಳೆದ ಪಂಚಾಯಿತಿ ಚುನಾವಣೆಯಲ್ಲಿ ನಮ್ಮ ಲೇಔಟಿನವರು ಒಂದು ವೆಬ್‌ಸೈಟ್ ಮಾಡಿದ್ದು ನೆನಪಿದೆಯೆ? ಇದೇ ಅಂಕಣದಲ್ಲಿ ಎದೆಯುಬ್ಬಿಸಿ ಬರೆದಿದ್ದೆ. ಮಾಕಳಿಯಿಂದಾಚೆ ಹೊಲಗಳ ಮೇಲೆ ಎದ್ದ ಲೇಔಟ್ ನಮ್ಮದು. ಊರಿನವರಿಗೆ ನಾವು ಗೊತ್ತಿಲ್ಲ, ನಮಗೆ ಊರಿನವರು ಗೊತ್ತಿಲ್ಲ. ಓಟು ಹಾಕುವುದು ಯಾರಿಗೆ?

ಎದುರುಮನೆಯ ಶ್ರುತಿಗೆ ಕಂಪ್ಯೂಟರ್ ಕೆಲಸ ಗೊತ್ತು. ಅವಳದೇ ಐಡಿಯಾ. ಮೂವರು ಅಭ್ಯರ್ಥಿಗಳಿಗೂ ಅವೇ ಪ್ರಶ್ನೆಗಳು: ನೀರು, ಕಸ, ಚರಂಡಿ, ಬೀದಿದೀಪ. ಉತ್ತರಗಳನ್ನು ಅಕ್ಕಪಕ್ಕ ಹಾಕುವುದು. ಜಾತಿ ಬೇಡ, ಹೊಗಳಿಕೆ ಬೇಡ, ಫೋಟೋ ಕೂಡ ಒಂದೇ ಅಳತೆ. ಮೊಬೈಲಿನಲ್ಲಿ ನೋಡಿ ಜನರೇ ತೀರ್ಮಾನಿಸಲಿ.

ಉತ್ತರ ತರುವ ಕೆಲಸ ನನ್ನದು. “ನೀವು ಯಾರ ಕಡೆನೂ ಇಲ್ಲ ಅಂಕಲ್, ನೀವೇ ಸರಿ” ಎಂದಳು ಶ್ರುತಿ. ಎಸ್ಸೆಸ್ಸೆಲ್ಸಿ ಓದಿದವನಿಗೆ ಇಂಥ ಜವಾಬ್ದಾರಿ ಸಿಕ್ಕರೆ ಕಾಲು ನೆಲದ ಮೇಲೆ ನಿಲ್ಲುತ್ತದೆಯೆ? ನಾನೇ ಒಂದು ರೂಲ್ ಮಾಡಿದೆ. ಉತ್ತರ ಲಿಖಿತವಾಗಿ ಇರಬೇಕು, ಅಭ್ಯರ್ಥಿಯ ಫೋನಿನಿಂದಲೇ ಬರಬೇಕು. ಬಾಯಿಮಾತಿಗೆ ಜಾಗವಿಲ್ಲ. ನಾಳೆ ಯಾರೂ ‘ನಾನು ಹಾಗೆ ಹೇಳಿಲ್ಲ’ ಅನ್ನಬಾರದಲ್ಲ.

ಮೊದಲನೆಯವರು ಸೈಟು ಮಾರುವವರು. ಅವರಿಂದ ಪಿಡಿಎಫ್ ಬಂತು, ಬಣ್ಣಬಣ್ಣದ್ದು.

ಎರಡನೆಯವನು ನನ್ನ ವಾಕಿಂಗ್ ಗೆಳೆಯ. ಬೆಳಿಗ್ಗೆ ಕಾಫಿ ಕುಡಿಯುತ್ತ ಕೇಳಿದೆ, “ನೀರಿನ ಬಗ್ಗೆ ಏನ್ ಮಾಡ್ತೀಯ?”

“ಏನಾದ್ರೂ ಒಳ್ಳೇದು ಬರ್ಕೊ ಗುರು. ನಿಂಗೆ ಗೊತ್ತಿಲ್ವಾ?”

ಬರೆದೆ. ‘ಪ್ರತಿ ಮನೆಗೂ ಶುದ್ಧ ಕುಡಿಯುವ ನೀರು ನನ್ನ ಮೊದಲ ಆದ್ಯತೆ.’ ನಾಲ್ಕೂ ಉತ್ತರಗಳನ್ನು ನಾನೇ ಟೈಪ್ ಮಾಡಿ ಅವನ ಫೋನಿಗೆ ಕಳಿಸಿದೆ. ಅವನು ಅದನ್ನೇ ನನಗೆ ವಾಪಸ್ ಕಳಿಸಿದ. ಲಿಖಿತವಾಗಿಯೂ ಆಯಿತು, ಅವನ ಫೋನಿನಿಂದಲೂ ಬಂತು. ರೂಲ್ ಮುರಿಯಲಿಲ್ಲ ನೋಡಿ.

ಮೂರನೆಯವರು ಊರಿನಲ್ಲಿ ಹಿಟ್ಟಿನ ಮಿಲ್ ನಡೆಸುವ ಹೆಂಗಸು. ನಮ್ಮ ಮನೆಯ ರಾಗಿ ಬೀಸಿಸುತ್ತಿದ್ದುದು ಅಲ್ಲೇ. ನಾನು ಹೋದಾಗ ಮಿಷನ್ ಓಡುತ್ತಿತ್ತು. ಆಫ್ ಮಾಡಿ, ಮುಖದ ಮೇಲಿನ ಹಿಟ್ಟನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಂದರು.

“ಟೈಪ್ ಮಾಡಕ್ಕೆ ನಂಗೆ ಬರಲ್ಲ ಯಜಮಾನ್ರೇ. ಯೋಳ್ತೀನಿ, ಬರ್ಕೊಳಿ. ಕಾವೇರಿ ನೀರು ತತ್ತೀನಿ ಅಂತ ಸುಳ್ಳು ಯೋಳಲ್ಲ. ಇರೋ ಬೋರ್ ನೀರು ಯಾವ ಬೀದಿಗೆ ಯಾವತ್ತು ಬಿಡ್ತಾರೆ ಅಂತ ಬೋರ್ಡ್ ಆಕಿಸ್ತೀನಿ. ನಮ್ಮೂರ್ಗೂ ಅಷ್ಟೇ, ನಿಮ್ ಲೇಔಟ್‌ಗೂ ಅಷ್ಟೇ.”

ಉಳಿದ ಮೂರಕ್ಕೂ ಉತ್ತರ ಹೇಳಿದರು. ನಾನು ತಲೆಯಾಡಿಸುತ್ತ ಕೇಳಿದೆ. ಪೆನ್ನು ಜೇಬಿನಲ್ಲೇ ಇತ್ತು.

“ವಾಟ್ಸಾಪ್‌ನಲ್ಲಿ ಕಳಿಸ್ಬೇಕಮ್ಮ. ರೂಲು.”

“ಇಂಗೆ ಬಾಯಲ್ಲಿ ಯೋಳುದ್ರೆ ಆಗಲ್ವಾ?”

“ಎಲ್ಲರಿಗೂ ಒಂದೇ ರೂಲಮ್ಮ.”

ಎಲ್ಲರಿಗೂ ಒಂದೇ. ಹಾಗೆನ್ನುವಾಗ ನಾಲಿಗೆ ಒಂದಿಷ್ಟೂ ತೊದಲಲಿಲ್ಲ. ಈಗ ಕಾಡುವುದು ಅದೇ.

ಅವರ ಉತ್ತರ ವಾಟ್ಸಾಪಿಗೆ ಬರಲಿಲ್ಲ. ಪುಟದಲ್ಲಿ ಅವರ ಹೆಸರಿನ ಕೆಳಗೆ ನಾಲ್ಕೂ ಕಡೆ ‘ಉತ್ತರಿಸಿಲ್ಲ’ ಎಂದಾಯಿತು. “ಯಾಕಂತೆ ಅಂಕಲ್?” ಎಂದಳು ಶ್ರುತಿ. “ಕಳಿಸ್ಲಿಲ್ಲಮ್ಮ” ಎಂದೆ. ಸುಳ್ಳೆ? ಅಲ್ಲ. ಹಾಗಾದರೆ ನಿಜವೆ?

ಲೇಔಟಿನ ಮೊಬೈಲುಗಳಲ್ಲೆಲ್ಲ ಆ ಪುಟ ಓಡಾಡಿತು. ಪಾರ್ಕಿನ ಬೆಂಚಿನಲ್ಲಿ ಒಬ್ಬರು, “ನಾಲ್ಕು ಪ್ರಶ್ನೆಗೆ ಉತ್ತರ ಕೊಡೋಕೆ ಪುರುಸೊತ್ತಿಲ್ಲ, ಗೆದ್ಮೇಲೆ ಕೈಗೆ ಸಿಗ್ತಾಳಾ ಇವ್ಳು?” ಅಂದರು. ಪಕ್ಕದಲ್ಲೇ ನಾನಿದ್ದೆ. ಬಾಯಿ ಬಿಡಲಿಲ್ಲ. ಬಿಟ್ಟರೆ ಗೆಳೆಯನ ಕಾಫಿಯ ಕಥೆಯನ್ನೂ ಹೇಳಬೇಕಾಗುತ್ತಿತ್ತಲ್ಲ.

ಅವರು ಸೋತರು. ನಮ್ಮ ಪುಟದಿಂದಲೇ ಸೋತರೆ? ಗೊತ್ತಿಲ್ಲ. ಗೊತ್ತಿಲ್ಲದಿರುವುದೇ ಸಂಕಟ. ಗೆದ್ದದ್ದು ನನ್ನ ಗೆಳೆಯ. ನೀರು ಯಾವತ್ತು ಬರುತ್ತದೆಂದು ಈಗಲೂ ಯಾರಿಗೂ ತಿಳಿಯದು.

ಸುಳ್ಳು ಸುದ್ದಿ ಹರಡುವವರನ್ನು ದಿನಾ ಬೈಯುತ್ತೇವೆ. ನಮ್ಮ ಪುಟ ನೋಡಿದವರು ಒಂದು ಸುಳ್ಳನ್ನೂ ತೋರಿಸಲಾರರು. ಒಬ್ಬನಿಗೆ ಬರೆದುಕೊಟ್ಟೆ, ಇನ್ನೊಬ್ಬರದನ್ನು ಬರೆದುಕೊಳ್ಳಲಿಲ್ಲ, ಅಷ್ಟೇ. ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಪಕ್ಷಪಾತಕ್ಕೆ ಚಿಹ್ನೆ ಯಾಕೆ ಬೇಕು?

ಆಮೇಲೆ ರಾಗಿ ಬೀಸಿಸಲು ಹೈವೇ ದಾಟಿ ಇನ್ನೊಂದು ಮಿಲ್ಲಿಗೆ ಹೋಗತೊಡಗಿದೆ. “ಇಲ್ಲೇ ಮಿಲ್ ಇದ್ಯಲ್ರೀ, ಅಷ್ಟು ದೂರ ಯಾಕೆ ಹೊತ್ಕೊಂಡು ಹೋಗ್ತೀರ?” ಎಂದಳು ಹೆಂಡತಿ. ವಾಕಿಂಗ್ ಆಗುತ್ತೆ ಎಂದೆ.

ಹೋದ ವಾರ ಹಾಗೆ ಬರುವಾಗ ಬಸ್ ಸ್ಟಾಪಿನಲ್ಲಿ ಅವರೇ ಸಿಕ್ಕರು. ನನ್ನ ಕೈಯಲ್ಲಿದ್ದ ಹಿಟ್ಟಿನ ಚೀಲ ನೋಡಿದರು.

“ಈಚ್ಗೆ ಮಿಲ್ ಕಡೆ ಬರೋದೇ ಬಿಟ್ರಲ್ಲ ಯಜಮಾನ್ರೇ. ಇಟ್ಟು ತರಿ ಬಂದಿತ್ತಾ? ನಮ್ಮಿಂದ ತಪ್ಪಾಗಿದ್ರೆ ಮನ್ಸಲ್ಲಿ ಇಟ್ಕೋಬ್ಯಾಡಿ. ಒಸ ಕಲ್ಲು ಆಕ್ಸಿದೀನಿ.”

ಕ್ಷಮೆ ಕೇಳಬೇಕಾದವನು ನಾನು. ಕೇಳುತ್ತಿದ್ದವರು ಅವರು.

“ಹಂಗೇನಿಲ್ಲಮ್ಮ, ನಮ್ಮನೆಯವ್ಳು ಅಲ್ಲೇ ಹೋಗಿ ಅಂದ್ಳು” ಎಂದು ಹೆಂಡತಿಯ ಮೇಲೆ ಹಾಕಿ, ನಿಂತಿದ್ದ ಬಸ್ಸು ಹತ್ತಿಬಿಟ್ಟೆ. ಅದು ಎಲ್ಲಿಗೆ ಹೋಗುವ ಬಸ್ಸೆಂದೂ ನೋಡಲಿಲ್ಲ. ಕಂಡಕ್ಟರ್ ಬಂದಾಗ ಕೊನೆಯ ಸ್ಟಾಪಿಗೆ ಟಿಕೆಟ್ ತೆಗೆದುಕೊಂಡೆ.

ಮುಂದಿನ ಚುನಾವಣೆಗೂ ನೀವೇ ಉತ್ತರ ತನ್ನಿ ಅಂಕಲ್ ಎನ್ನುತ್ತಿದ್ದಾಳೆ ಶ್ರುತಿ. ಮೊದಲು ಈ ವಾರದ ಅಂಕಣ ಓದಮ್ಮ, ಆಮೇಲೆ ಹೇಳು ಎಂದಿದ್ದೇನೆ.

ಆ ಪುಟ ನೋಡಿ ಓಟು ಹಾಕಿದವರೇ, ಮಿಲ್ಲಿನ ಆ ಹೆಂಗಸು ನನ್ನೆದುರು ನಿಂತು ನಾಲ್ಕಕ್ಕೂ ಉತ್ತರ ಕೊಟ್ಟಿದ್ದರು.

ಅವರ ಹೆಸರು ಗಂಗರತ್ನಮ್ಮ.