ಕಾರಿನ ಹೊಟ್ಟೆಗೆ ಹೊದಿಸಿದ ಬೋರ್ಡು

ಅಂಗಡಿಗಳಿಗೆ ನಾಮಫಲಕ ಮಾಡಿಕೊಡುವ ಬೋರ್ಡಣ್ಣನಿಗೆ ಸ್ಟಿಯರಿಂಗ್ ಹಿಡಿದರೆ ಮೈಮೇಲೆ ದೆವ್ವ ಬಂದಂತಾಗುತ್ತಿತ್ತು. ಹೆಂಡತಿ ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸ್. ದಿನವಿಡೀ ಮುರಿದ ಕೈಕಾಲು ನೋಡಿದವಳು ಸಂಜೆ ಅವನ ಪಕ್ಕ ಕಣ್ಣು ಮುಚ್ಚಿ, ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡು ಮನೆ ಸೇರುತ್ತಿದ್ದಳು. ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು, ಆಕ್ಸಿಲರೇಟರ್ ಮೇಲೆ ಅವನ ಕಾಲು ಹಗುರಾಗಿರಲಿಲ್ಲ.

ಒಮ್ಮೆ ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ ಅವನಿಗೆ ಜ್ಞಾನೋದಯವಾಯಿತು. ಕಾರನ್ನು ಹಿಂದಕ್ಕೆಳೆಯುವುದು ಎದುರುಗಾಳಿಯೊಂದೇ ಅಲ್ಲವಂತೆ. ಅಡಿಯ ಪೈಪು, ಸಂದುಗೊಂದುಗಳಲ್ಲಿ ಸಿಕ್ಕಿ ಸುತ್ತುವ ಗಾಳಿಯೂ ಕಾಲೆಳೆಯುತ್ತದಂತೆ. ಅಲ್ಲಿ ನುಣ್ಣನೆಯ ಹೊದಿಕೆ ಹಾಕಿದರೆ ಗಾಳಿ ಜಾರಿಹೋಗುತ್ತದೆ, ವೇಗ ಏರುತ್ತದೆ, ಪೆಟ್ರೋಲ್ ಉಳಿಯುತ್ತದೆ.

“ಸೈನ್ಸ್ ಕಣೇ ಇದು,” ಅಂದ.

“ಇನ್ನೂ ಜೋರಾಗಿ ಓಡಿಸ್ಬೇಕಾ ನೀವು?” ಅಂದಳು ಅವಳು.

ಹೊದಿಕೆಗೇನು ಬರ? ಮುಚ್ಚಿಹೋದ ಹಲ್ಲಿನ ಕ್ಲಿನಿಕ್ಕೊಂದರ ಅಲ್ಯೂಮಿನಿಯಂ ಬೋರ್ಡು ಅಂಗಡಿಯ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಭಾನುವಾರ ಕಾರನ್ನು ಇಳಿಜಾರು ಕಟ್ಟೆಯ ಮೇಲೆ ಹತ್ತಿಸಿ, ಚಕ್ರಕ್ಕೆ ಅಡ್ಡಗಲ್ಲು ಕೊಟ್ಟು, ಬೆನ್ನಡಿ ರಟ್ಟು ಹಾಸಿಕೊಂಡು ಅಡಿಗೆ ತೂರಿದ. ಆಮೇಲೆ ಕಂಡದ್ದು ಅವನ ಎರಡು ಪಾದ, ಕೇಳಿದ್ದು ಬರೀ ಬೈಗುಳ. ಸೈಲೆನ್ಸರ್ ಕಾಯುತ್ತದೆಂದು ಅದರ ಸುತ್ತ ಕತ್ತರಿಸಿ ಜಾಗ ಬಿಟ್ಟ. ಎಂಜಿನ್ ಆಯಿಲ್ ಬದಲಿಸಲು ಪುಟ್ಟ ಕಿಂಡಿಯನ್ನೂ ಮಾಡಿದ. ಆದರೆ ಬೋರ್ಡು ಮೇಲಿನ ಪೈಪುಗಳಿಗೆ ಎಲ್ಲಿಯೂ ತಾಗದಿರಲಿ ಎಂದು ನಾಲ್ಕು ಬೆರಳಿನಷ್ಟು ಕೆಳಗಿಳಿಸಿ ಬಿಗಿದುಬಿಟ್ಟ.

ಮರುದಿನ ಬೀದಿಯ ಮೊದಲ ಹಂಪ್ ಹತ್ತಿದ್ದೇ ತಡ, ಕರ್ರ್ ಎಂಬ ಸದ್ದಿಗೆ ಇಡೀ ಬೀದಿ ತಿರುಗಿ ನೋಡಿತು. ಬೋರ್ಡಣ್ಣನ ಎದೆಯನ್ನೇ ಗೀರಿದಂತಾಯಿತು. ಅಂದಿನಿಂದ ದೂರದಲ್ಲೇ ಹಳ್ಳ ಗುರುತಿಸುವುದೇನು, ಹಂಪ್ ಕಂಡರೆ ತುಂಬು ಬಸುರಿಯನ್ನು ಕೂರಿಸಿಕೊಂಡವನಂತೆ ಓರೆಯಾಗಿ ಹತ್ತಿಸಿ ಇಳಿಸುವುದೇನು! ಹಿಂದಿನವರು ಹಾರನ್ ಬಡಿದರೂ ಜಪ್ಪಯ್ಯ ಅನ್ನಲಿಲ್ಲ. ಹೆಂಡತಿ ಮೊದಲು ಬಾಗಿಲ ಹಿಡಿ ಬಿಟ್ಟಳು, ನಂತರ ನಿದ್ದೆಗೆ ಜಾರಿದಳು. ವಾರ ಕಳೆಯುವಷ್ಟರಲ್ಲಿ ಗೊರಕೆಯೂ ಶುರುವಾಯಿತು.

ಪೆಟ್ರೋಲ್ ನಿಜಕ್ಕೂ ಉಳಿಯಿತು. ಬೋರ್ಡಣ್ಣ ಸಿಕ್ಕಸಿಕ್ಕವರಿಗೆಲ್ಲ ಗಾಳಿಪುರಾಣ ಊದಿದ. ಸರ್ವೀಸಿಗೆ ಬಿಟ್ಟಾಗ ಮೆಕ್ಯಾನಿಕ್ ಬಗ್ಗಿ ನೋಡಿ, ನಗು ತಡೆದುಕೊಂಡ.

“ಅಣ್ಣಾ, ಅಡಿಗಾಳಿ ಕಾಟ ಕೊಡೋದು ಹೈವೇಲಿ, ಜೋರಾಗಿ ಹೋದಾಗ. ನೀವು ಈಗ ಹೋಗೋ ಸ್ಪೀಡಿಗೆ ನೀವು ಬಂದಿದ್ದೇ ಗಾಳಿಗೆ ಗೊತ್ತಾಗಲ್ಲ. ಪೆಟ್ರೋಲ್ ಉಳಿಸ್ತಿರೋದು ನಿಮ್ ಕಾಲು!”

ಬೋರ್ಡಣ್ಣನ ಮುಖ ಗಾಳಿ ಹೋದ ಟೈರಾಯಿತು. ಮನೆಗೆ ಬಂದವನೇ ಸ್ಪ್ಯಾನರ್ ಎತ್ತಿಕೊಂಡ. ಹೆಂಡತಿ ಕಾರಿಗೆ ಅಡ್ಡ ನಿಂತಳು.

“ಅದಕ್ಕೆ ಕೈ ಹಚ್ಚಿದ್ರೆ ನೋಡಿ!”

“ಅದ್ರಿಂದ ಉಪಯೋಗ ಇಲ್ವಂತೆ ಕಣೇ.”

“ಯಾರಿಗೆ ಇಲ್ಲ? ನನಗಿದೆ.”

ಅವನು ಸ್ಪ್ಯಾನರ್ ಕೆಳಗಿಟ್ಟ.

ಮುಂದಿನ ವಾರ ಮೂಳೆ ವಾರ್ಡಿನ ಹೆಡ್ ನರ್ಸ್ ತನ್ನ ಗಂಡನ ಕಾರನ್ನು ಅಂಗಡಿಯೆದುರು ತಂದು ನಿಲ್ಲಿಸಿದಳು. ಬೋರ್ಡಣ್ಣ ಪ್ರಾಮಾಣಿಕ. “ಮೇಡಂ, ಮೈಲೇಜ್ ಗ್ಯಾರಂಟಿ ಕೊಡಕ್ಕಾಗಲ್ಲ,” ಅಂದ.

“ಮೈಲೇಜ್ ಕಟ್ಕೊಂಡು ನನಗೇನಾಗ್ಬೇಕು?” ಅಂದಳು ಆಕೆ. “ನೀವು ಆದಷ್ಟು ಕೆಳಗೆ ಹಾಕಿ.”